17 ಗಂಟೆಯ ಸುಳ್ಳು

ಅಪ್ಪನ ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತು ನಮ್ಮ ಬಂಧುವೊಬ್ಬರು ಹೇಳಿದರು: "ಈಗೇನಪ್ಪ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ 17 ಗಂಟೆ. ಮನಸ್ಸಿದ್ದಿದ್ದರೆ ಮಗಳು ಬಂದು ಮುಖ ನೋಡಬಹುದಿತ್ತು." ತುಪ್ಪದ ಮಿಳ್ಳೆ ಹಿಡಿದು ಬಂದಿದ್ದ ಅಕ್ಕ ಕೇಳಿಸಿಕೊಂಡಳು. ಏನೂ ಹೇಳದೆ ಮುಂದಿನ ಎಲೆಗೆ ಹೋದಳು. ಅವಳು ಆಡದ ಮಾತನ್ನು ನಾನಿಲ್ಲಿ ಆಡುತ್ತೇನೆ.

ಈ 17 ಗಂಟೆ ಎಲ್ಲಿಂದ ಬಂತೆಂದು ಗೊತ್ತು. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತವರ ಮಹಿಳಾ ತಂಡ ಉತ್ತರ ಧ್ರುವದ ಮೇಲಿಂದ ಸುಮಾರು 14,000 ಕಿ.ಮೀ. ಹಾರಿಸಿಕೊಂಡು ಬಂದಾಗ ನಾನೂ ಹೆಮ್ಮೆಪಟ್ಟವನೇ. ಆದರೆ ಅದು ರನ್‌ವೇಯಿಂದ ರನ್‌ವೇಗೆ ಹಾಕಿದ ಲೆಕ್ಕ. ರನ್‌ವೇ ಮೇಲೆ ಯಾರ ಅಪ್ಪನೂ ಮಲಗಿರುವುದಿಲ್ಲ.

ನಮ್ಮಪ್ಪ ಮಲಗಿದ್ದುದು ಜಯನಗರ 4ನೇ ಟಿ ಬ್ಲಾಕಿನ ಮನೆಯ ಹಾಲಿನಲ್ಲಿ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯೊಳಗೆ. ನಾನು ಫೋನ್ ಮಾಡಿದಾಗ ಇಲ್ಲಿ ಬೆಳಗಿನ ಜಾವ 5, ಅಲ್ಲಿನ್ನೂ ಹಿಂದಿನ ದಿನದ ಮಧ್ಯಾಹ್ನ. ಆ ದಿನ ನೇರ ವಿಮಾನ ಇರಲಿಲ್ಲ. ಅಕ್ಕ ಬೇರೆ ದಾರಿಯ ಟಿಕೆಟ್ ಹಿಡಿದು, ಮಗುವನ್ನು ಗೆಳತಿಯ ಮನೆಯಲ್ಲಿ ಬಿಟ್ಟು, ನಡುವಿನ ನಿಲ್ದಾಣವೊಂದರ ಬೆಂಚಿನ ಮೇಲೆ ಐದು ಗಂಟೆ ಕೂತು ದೇವನಹಳ್ಳಿಯಲ್ಲಿ ಇಳಿದಾಗ ಮಾರನೆಯ ಮಧ್ಯಾಹ್ನ 12. ಒಟ್ಟು 31 ಗಂಟೆ. ಅಲ್ಲಿಗೂ ಅವಳು ಸೋತಿರಲಿಲ್ಲ. ಬನಶಂಕರಿಯ ಚಿತಾಗಾರದಲ್ಲಿ ನಮ್ಮ ಸಮಯ ಇದ್ದುದು 3ಕ್ಕೆ.

ಉಳಿದದ್ದು 40 ಚಿಲ್ಲರೆ ಕಿ.ಮೀ. ಇಮಿಗ್ರೇಷನ್ ಸಾಲು, ಲಗೇಜು, ಹೆಬ್ಬಾಳ. 2.30ಕ್ಕೆ ಫೋನ್ ಮಾಡಿ, "ಮೇಖ್ರಿ ಸರ್ಕಲ್ ಹತ್ರ ಇದ್ದೀನಿ ಕಣೋ, ಗಾಡಿ ಅಲ್ಲಾಡ್ತಿಲ್ಲ" ಅಂದಳು. "ಸಮಯ ತಪ್ಪಿದರೆ ಸಂಜೆಯಾಗುತ್ತೆ, ಎತ್ತಿ" ಎಂದು ಅವಸರ ಮಾಡಿದವರು ಇದೇ ಬಂಧು. ನಾನು ತಡೆಯಲಿಲ್ಲ, ಅದು ನನ್ನ ಪಾಲಿನದು.

2008ರ ಮೇ ತನಕ ಎಚ್‌ಎಎಲ್ ನಿಲ್ದಾಣವಿತ್ತು. ದೇವನಹಳ್ಳಿಯದು ತೆರೆದೊಡನೆ ಅದನ್ನು ಸಾಮಾನ್ಯ ಪ್ರಯಾಣಿಕರಿಗೆ ಮುಚ್ಚಿದರು. ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ 25 ವರ್ಷ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದೆಂದು ಒಪ್ಪಂದವಾಗಿತ್ತು. ಬೆಂಗಳೂರಿನಿಂದ ಕೊಲಂಬೊ 700 ಚಿಲ್ಲರೆ ಕಿ.ಮೀ., ವಿಮಾನದಲ್ಲಿ ಒಂದೂವರೆ ಗಂಟೆ. ಸಂಜೆ ಹೊತ್ತು ಬನಶಂಕರಿಯಿಂದ ವಾಯುವಜ್ರ ಹತ್ತಿದವರು ಅಷ್ಟರಲ್ಲಿ ಎಲ್ಲಿರುತ್ತಾರೆಂದು ಯಾರನ್ನಾದರೂ ಕೇಳಿ. ಈಗ ಎರಡನೆಯ ನಿಲ್ದಾಣಕ್ಕೆ ಕನಕಪುರ ರಸ್ತೆಯ ಹೆಸರೂ ಕೇಳಿಬರುತ್ತಿದೆ. ಸೈಟು ಮಾರುವವರಿಗೆ ಮಾತ್ರ ಅದು ಆಗಲೇ ಕಟ್ಟಿ ಮುಗಿದಿದೆ.

ಅಕ್ಕ ಮೊದಲ ಸಲ ಹೊರಟಾಗ ಅಮ್ಮನ ಕಣ್ಣೊರೆಸಿದ್ದೂ ಇಂಥದೇ ಲೆಕ್ಕ: "ಒಂದು ದಿನದ ದಾರಿ, ಕರೆದರೆ ಬಂದುಬಿಡ್ತಾಳೆ." ಕಳಿಸುವಾಗ ಸಮಾಧಾನಕ್ಕೆ ಬಳಸಿದ ಅಂಕಿಯನ್ನೇ ಈಗ ಅವಳ ಮೇಲೆ ಚಾರ್ಜ್‌ಶೀಟ್ ಮಾಡುತ್ತಿದ್ದೇವೆ.

ಕಳೆದ ವಾರ ಆ ಬಂಧು ಫೋನ್ ಮಾಡಿದ್ದರು. ಮಗ ಡಲ್ಲಾಸ್‌ಗೆ ಹೊರಟಿದ್ದಾನಂತೆ, ಜೆ.ಪಿ. ನಗರದಿಂದ ಎಷ್ಟು ಮುಂಚೆ ಹೊರಡಬೇಕು ಎಂದು ಕೇಳಿದರು. ಆರು ಗಂಟೆ ಮುಂಚೆ ಅಂದೆ. "ಹೌದೌದು, ರಸ್ತೆ ನಂಬೋ ಹಾಗಿಲ್ಲ" ಅಂದರು.