ಹೆಸರು ಯಾವ ತಂಡಕ್ಕೆ ಆಡುತ್ತದೆ?

ಇತ್ತೀಚೆಗೆ ಒಂದು ಅಖೀಖಾಕ್ಕೆ ಹೋಗಿದ್ದೆ. ಫುಟ್‌ಬಾಲ್ ಹುಚ್ಚಿನ ತಂದೆ ಮಗನಿಗೆ ‘ಝಿದಾನ್’ ಎಂದು ಹೆಸರಿಟ್ಟಿದ್ದ. ಊಟ ಮುಗಿಯುವ ಮೊದಲೇ ತಕರಾರು ಶುರುವಾಯಿತು. “ಚೆಂಡು ಒದೆಯುವವನ ಹೆಸರೇ ಬೇಕಿತ್ತೇನಪ್ಪಾ? ಸಹಾಬಿಗಳ ಹೆಸರು ಮುಗಿದು ಹೋಗಿದ್ದವೇ?” ಎಂದು ಹಿರಿಯರೊಬ್ಬರು ಗದರಿದರು. ಆ ತಂದೆ ತಲೆ ತಗ್ಗಿಸಿ ಕುಳಿತ. ನಾನೂ ಸುಮ್ಮನಿದ್ದೆ. ಅಂದು ಹೇಳದ ಮಾತನ್ನು ಇಂದು ಹೇಳಬೇಕಾಗಿದೆ.

ಝಿದಾನ್ ಎಂಬುದು ಅರಬಿ ಹೆಸರು. ವೃದ್ಧಿ ಎಂಬ ಅರ್ಥದ ಅದೇ ಧಾತುವಿನಿಂದ ‘ಝೈದ್’ ಬಂದಿದೆ. ಕುರ್‌ಆನ್ ಹೆಸರು ಹಿಡಿದು ಕರೆದಿರುವ ಏಕೈಕ ಸಹಾಬಿ ಈ ಝೈದ್. ಆ ಆಟಗಾರನ ಮೊದಲ ಹೆಸರು ‘ಝಿನೆದಿನ್’ ಎಂದರೆ ನಮ್ಮ ಝೈನುದ್ದೀನ್, ‘ಧರ್ಮದ ಅಲಂಕಾರ’. ಹಿರಿಯರು ಕೋಪಿಸಿಕೊಳ್ಳುವ ಮೊದಲು ಅರ್ಥ ಕೇಳಬಹುದಿತ್ತು. ಮೊಬೈಲ್‌ನಲ್ಲಿ ಹುಡುಕಿ, ಅರಬಿಯಂತೆ ಕೇಳಿಸುವ ಯಾವುದೋ ಪದವನ್ನು ಕೂಸಿಗೆ ಅಂಟಿಸುವವರನ್ನು ಇವರು ಎಂದೂ ಪ್ರಶ್ನಿಸುವುದಿಲ್ಲ.

ಪ್ರವಾದಿ(ಸ) ಹೆಸರಿನ ಅರ್ಥವನ್ನು ನೋಡುತ್ತಿದ್ದರು. ‘ಹಝ್ನ್’ ಎಂಬ ಹೆಸರಿನವರಿಗೆ, ಅದು ಒರಟು ನೆಲ ಎಂಬ ಅರ್ಥದ್ದಾದ್ದರಿಂದ, ‘ಸಹ್ಲ್’ ಎಂದು ಕರೆದುಕೊಳ್ಳಲು ಸೂಚಿಸಿದರು. ತಂದೆ ಇಟ್ಟ ಹೆಸರನ್ನು ಬದಲಿಸಲಾರೆ ಎಂದು ಅವರು ಉತ್ತರಿಸಿದರು. ಆ ಒರಟುತನ ತಮ್ಮ ಮನೆತನದಲ್ಲಿ ಉಳಿದೇಬಿಟ್ಟಿತು ಎಂದು ಮೊಮ್ಮಗ ಮುಂದೆ ಹೇಳಿಕೊಂಡರು. ಹೆಸರು ಮುಖ್ಯ, ನಿಜ. ಆದರೆ ಅಲ್ಲಿದ್ದದ್ದು ಸಲಹೆ, ತುಂಬಿದ ಸಭೆಯಲ್ಲಿ ಅವಮಾನವಲ್ಲ.

ಇದು ಮನೆಯೊಳಗಿನ ಮಾತಾಯಿತು. ಮನೆಯ ಹೊರಗೆ ಇನ್ನೊಂದು ಕಥೆಯಿದೆ.

1976ರಲ್ಲಿ ಹುಟ್ಟಿದ ಮಗನಿಗೆ ಸುನಿಲ್ ಗಾವಸ್ಕರ್ ಇಟ್ಟ ಹೆಸರು ರೋಹನ್ ಜೈವಿಶ್ವ. ವೆಸ್ಟ್ ಇಂಡೀಸ್‌ನ ರೋಹನ್ ಕನ್ಹಾಯ್, ಹೈದರಾಬಾದಿನ ಎಂ.ಎಲ್. ಜಯಸಿಂಹ, ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಮೂವರೂ ಆ ಒಂದು ಹೆಸರಿನಲ್ಲಿದ್ದಾರೆ. ಎದುರಾಳಿ ತಂಡದವನ ಹೆಸರನ್ನು ಮಗನಿಗೇಕೆ ಇಟ್ಟೆ ಎಂದು ಗಾವಸ್ಕರ್ ಅವರನ್ನು ಯಾರೂ ಕೇಳಲಿಲ್ಲ. ಕೇಳಬಾರದು ಕೂಡ. ಆಟದ ಮೇಲಿನ ಪ್ರೀತಿಗೆ ಗಡಿ ಇರುವುದಿಲ್ಲ. ಗಾವಸ್ಕರ್ ಮಗನ ಹೆಸರು ರಾಹುಲ್ ಎಂದು ತಪ್ಪು ತಿಳಿದ ಅಭಿಮಾನಿ ತಂದೆಯಿಂದ ನಮ್ಮ ಕೆ.ಎಲ್. ರಾಹುಲ್‌ಗೆ ಆ ಹೆಸರು ಬಂತೆಂಬ ಕಥೆಯನ್ನು ಎಲ್ಲರೂ ನಕ್ಕು ಮೆಚ್ಚುತ್ತೇವೆ.

ಈಗ ‘ಇಮ್ರಾನ್’ ಎಂದು ಹೆಸರಿಟ್ಟ ತಂದೆಯನ್ನು ನೆನಪಿಸಿಕೊಳ್ಳಿ. ಇಮ್ರಾನ್ ಎಂದರೆ ಹಝ್ರತ್ ಮರ್ಯಮರ ತಂದೆ. ಕುರ್‌ಆನಿನ ಮೂರನೆಯ ಅಧ್ಯಾಯಕ್ಕೇ ಅವರ ಮನೆತನದ ಹೆಸರಿದೆ. ಆದರೆ ಭಾರತ-ಪಾಕಿಸ್ತಾನ ಪಂದ್ಯದ ದಿನ ಶಾಲೆಯಲ್ಲಿ ಆ ಹುಡುಗನಿಗೆ ಎದುರಾಗುವ ಪ್ರಶ್ನೆ ಒಂದೇ: “ನೀನು ಯಾವ ಕಡೆ?” ಒಂದು ವೇಳೆ ಅವನ ತಂದೆ ಇಮ್ರಾನ್ ಖಾನನ ಬೌಲಿಂಗ್ ಮೆಚ್ಚಿಯೇ ಆ ಹೆಸರಿಟ್ಟಿದ್ದರೂ ಅದು ಹೇಗೆ ದೇಶದ್ರೋಹವಾಗುತ್ತದೆ? ಗಾವಸ್ಕರ್‌ಗೆ ಇರುವ ಸ್ವಾತಂತ್ರ್ಯ ಆ ಗುಜರಿ ಅಂಗಡಿಯವನಿಗೇಕಿಲ್ಲ?

2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಭಾರತ ಪಾಕಿಸ್ತಾನದ ಎದುರು ಹತ್ತು ವಿಕೆಟ್‌ಗಳಿಂದ ಸೋತಿತು. ಸೋತದ್ದು ಹನ್ನೊಂದು ಜನ. ಬೈಗುಳದ ಮಳೆ ಸುರಿದದ್ದು ಮಹಮ್ಮದ್ ಶಮಿಯ ಮೇಲೆ. ನಾಯಕ ವಿರಾಟ್ ಕೊಹ್ಲಿ ಬಹಿರಂಗವಾಗಿ ಶಮಿಯ ಬೆನ್ನಿಗೆ ನಿಂತರು. ಆದರೆ ದೇಶಕ್ಕಾಗಿ ಚೆಂಡು ಹಿಡಿದವನೂ ತನ್ನ ಹೆಸರಿಗಾಗಿ ಜವಾಬು ಕೊಡಬೇಕಾದರೆ, ತೊಟ್ಟಿಲಲ್ಲಿರುವ ಕೂಸಿನ ಗತಿಯೇನು? ಫ್ರಾನ್ಸಿನಲ್ಲೂ ಇದೇ ಆಯಿತು. ವಲಸಿಗರ ಮಕ್ಕಳಿದ್ದ ರಾಷ್ಟ್ರೀಯ ತಂಡವನ್ನು ಕೃತಕವೆಂದು 1996ರಲ್ಲಿ ಲೆ ಪೆನ್ ಹಂಗಿಸಿದರು. 1998ರ ವಿಶ್ವಕಪ್ ಫೈನಲಿನಲ್ಲಿ ಅಲ್ಜೀರಿಯಾ ಮೂಲದ ದಂಪತಿಯ ಮಗ ಝಿದಾನ್ ಎರಡು ಗೋಲು ಹೊಡೆದು ಉತ್ತರ ಕೊಟ್ಟ. ಆದರೆ ಗೋಲು ಹೊಡೆದರೆ ಮಾತ್ರ ನಮ್ಮವನು ಎನ್ನುವುದೂ ಅನ್ಯಾಯವೇ.

ಹೆಸರಿಡುವ ತಂದೆಗೂ ಒಂದು ಮಾತು. ಹೆಸರು ಕೊಡಪ್ಪಾ, ಅದರ ಜೊತೆ ನಿನ್ನ ಈಡೇರದ ಆಸೆಯನ್ನು ಕೂಸಿನ ಹೆಗಲಿಗೆ ಹೇರಬೇಡ. ಮೂವರು ದಿಗ್ಗಜರ ಹೆಸರು ಹೊತ್ತ ರೋಹನ್ ಭಾರತಕ್ಕೆ ಆಡಿದ್ದು 11 ಏಕದಿನ ಪಂದ್ಯಗಳು ಮಾತ್ರ. ಹೆಸರು ಯಾರಿಗೂ ರನ್ ಗಳಿಸಿ ಕೊಡುವುದಿಲ್ಲ. ನಿನ್ನ ಝಿದಾನ್ ಲೆಕ್ಕದ ಮೇಷ್ಟ್ರಾಗಲಿ, ದರ್ಜಿಯಾಗಲಿ, ಚೆಂಡನ್ನೇ ಮುಟ್ಟದಿರಲಿ.

ನಾಳೆ ಶಾಲೆಯಲ್ಲಿ ಹಾಜರಿ ಕೂಗಿದಾಗ ಅವನು ಎದ್ದು ನಿಂತು “ಹಾಜರ್ ಸಾರ್” ಎಂದರೆ ಸಾಕು. ಯಾವ ತಂಡ ಎಂದು ಅವನನ್ನು ಕೇಳುವ ಹಕ್ಕು ನಮ್ಮ ಹಜರತ್ತರಿಗೂ ಇಲ್ಲ, ಪಕ್ಕದ ಬೆಂಚಿನವನಿಗೂ ಇಲ್ಲ.