ಡೀಸೆಲ್ ಕುಡಿಯುವ ಲಾರಿ: ಚಾಲಕನನ್ನು ದೂರುವ ಮುನ್ನ

ಮರ ಕಡಿತವನ್ನು ತಡೆಯಲು, ನದಿಗಳಿಗೆ ಅಡ್ಡ ನಿಲ್ಲುವ ಯೋಜನೆಗಳನ್ನು ಪ್ರಶ್ನಿಸಲು ಮಲೆನಾಡಿನ ನಾವು ಸಭೆ ಸೇರುವುದುಂಟು. ಆದರೆ ನಮ್ಮದೇ ಊರಿನ ಹಳೆಯ ಲಾರಿ ಘಟ್ಟ ಏರುವಾಗ ಕಾರುವ ಕರಿಹೊಗೆಯ ಕುರಿತು ನಾವು ಸಭೆ ಕರೆದದ್ದಿಲ್ಲ. ನಮ್ಮೂರಿನಲ್ಲಿ ಲಾರಿಯ ಸಲುವಾಗಿ ಒಂದು ಸಭೆ ನಡೆದದ್ದು ನಿಜ. ಆದರೆ ಅದು ಹೊಗೆಯ ಕುರಿತಾಗಿರದೆ ಚಾಲಕನ ಪ್ರಾಮಾಣಿಕತೆಯ ಕುರಿತಾಗಿತ್ತು. ಅಂದು ಬಾಯಿ ಮುಚ್ಚಿ ಕುಳಿತವರಲ್ಲಿ ನಾನೂ ಒಬ್ಬನಾದ್ದರಿಂದ ಈ ಮಾತುಗಳನ್ನು ಬರೆಯುವ ಹೊಣೆ ನನ್ನ ಮೇಲಿದೆ.

ಕೆಲವು ಕುಟುಂಬಗಳು ಪಾಲು ಹಾಕಿ ಕೊಂಡ ಹಳೆಯ 407 ನಮ್ಮದು. ಅಡಿಕೆ, ಬಾಳೆಗೊನೆಗಳನ್ನು ಪೇಟೆಗೆ ಒಯ್ಯುವುದು, ಬರುವಾಗ ಹಿಂಡಿ, ಗೊಬ್ಬರ ತರುವುದು ಅದರ ಕೆಲಸ. ಲೀಟರಿಗೆ 8 ಕಿ.ಮೀ. ಓಡುತ್ತಿದ್ದ ಗಾಡಿ ಎರಡು ವರ್ಷಗಳಲ್ಲಿ 6ಕ್ಕೆ ಇಳಿಯಿತು. ಲೆಕ್ಕದ ಪುಸ್ತಕ ತೆರೆದವರಿಗೆ ಕಂಡ ಕಾರಣ ಒಂದೇ: ಡ್ರೈವರ್ ಡೀಸೆಲ್ ಮಾರಿಕೊಳ್ಳುತ್ತಿದ್ದಾನೆ. "ಅನುಮಾನ ಇದ್ದರೆ ನಿಮ್ಮಲ್ಲಿ ಯಾರಾದರೂ ಒಂದು ವಾರ ನನ್ನ ಜೊತೆ ಗಾಡಿಯಲ್ಲಿ ಕೂತು ಬನ್ನಿ" ಎಂದು ಆತ ಕೇಳಿಕೊಂಡ. ಯಾರೂ ಹೋಗಲಿಲ್ಲ. ಆತ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಹೊಸ ಚಾಲಕ ಬಂದ. ಮೂರು ತಿಂಗಳು ಕಳೆದರೂ ಮೈಲೇಜು ಮಾತ್ರ ಅದೇ 6ರಲ್ಲಿ ನಿಂತಿತ್ತು. ಆಗ ನಮಗೆ ನಾಚಿಕೆಯಾಯಿತು.

ಬಳಿಕ ಗಾಡಿಯನ್ನು ಕ್ರಮವಾಗಿ ಪರೀಕ್ಷಿಸಿದಾಗ ಹಿಂದಿನ ಎಡಗಾಲಿಯ ಬ್ರೇಕ್ ಸದಾ ಹಿಡಿದುಕೊಂಡೇ ಇದ್ದುದು, ಏರ್ ಫಿಲ್ಟರ್ ಕೆಂಪುಮಣ್ಣಿನಿಂದ ಕಟ್ಟಿಹೋಗಿದ್ದುದು ತಿಳಿಯಿತು. ಹಿಂದೆಂದೋ ಎಂಜಿನ್ ಕಾದ ನೆಪದಲ್ಲಿ ಯಾರೋ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತುಹಾಕಿದ್ದರು. ಕಳ್ಳರು ಮೂವರು, ಮೂವರೂ ಗಾಡಿಯೊಳಗೇ ಇದ್ದರು.

ಈ ಅನುಭವದಿಂದ ನಾನು ಹೇಳಬಯಸುವುದು ಇಷ್ಟೆ. ಹಳೆಯ ಲಾರಿ ಹೆಚ್ಚು ಡೀಸೆಲ್ ಕುಡಿದರೆ ಅದು ಹಣದ ಪ್ರಶ್ನೆ, ಗಾಳಿಯ ಪ್ರಶ್ನೆ, ಜೊತೆಗೆ ನ್ಯಾಯದ ಪ್ರಶ್ನೆಯೂ ಹೌದು. ಅಳೆಯದೆ ತೀರ್ಪು ಕೊಡುವುದು ಈ ಮೂರಕ್ಕೂ ಹಾನಿ.

ಮೊದಲು ಅಳತೆಯ ಮಾತು. ಟ್ಯಾಂಕನ್ನು ಒಂದೇ ಬಂಕಿನಲ್ಲಿ, ಗಾಡಿಯನ್ನು ಸಮತಟ್ಟಾದ ಒಂದೇ ಜಾಗದಲ್ಲಿ ನಿಲ್ಲಿಸಿ, ಬಾಯಿಮಟ್ಟ ತುಂಬಿಸಬೇಕು. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿಸಿದ ಲೀಟರಿನಿಂದ ಭಾಗಿಸಬೇಕು. ಒಂದು ಸಲದ ಲೆಕ್ಕವನ್ನು ನಂಬಲಾಗದು, ಕನಿಷ್ಠ ಮೂರು ಸಲವಾದರೂ ನೋಡಬೇಕು. ಕಿಲೋಮೀಟರ್ ತೋರಿಸುವ ಮೀಟರೇ ಸುಳ್ಳು ಹೇಳುತ್ತಿಲ್ಲವೆಂಬುದನ್ನು ರಸ್ತೆಬದಿಯ ಮೈಲುಗಲ್ಲುಗಳಿಂದ ಖಚಿತಪಡಿಸಿಕೊಳ್ಳಬೇಕು. ಟಯರಿನ ಅಳತೆ ಬದಲಾದರೂ ಮೀಟರ್ ತಪ್ಪು ಹೇಳುತ್ತದೆ. ಪ್ರತಿ ಸಲವೂ ಹೇರು ಎಷ್ಟು, ದಾರಿ ಯಾವುದು ಎಂದು ಬರೆದಿಡಬೇಕು.

ದಾರಿಯನ್ನು ಬರೆಯಬೇಕೆನ್ನುವುದಕ್ಕೆ ಕಾರಣವಿದೆ. ಬಯಲುಸೀಮೆಯ ಲಾರಿಯ ಮೈಲೇಜನ್ನು ದೇವಿಮನೆ ಅಥವಾ ಬಾಳೆಬರೆ ಘಟ್ಟ ಏರುವ ಲಾರಿಯಿಂದ ನಿರೀಕ್ಷಿಸುವುದು ಅನ್ಯಾಯ. ಹೇರು ಸಹಿತ 6 ಟನ್ ತೂಗುವ ಗಾಡಿಯನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 29 ಮೆಗಾಜೌಲ್ ಶಕ್ತಿ ಬೇಕು. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೌಲ್ ಶಕ್ತಿಯಿದ್ದರೂ ಹಳೆಯ ಎಂಜಿನ್ ಅದರಲ್ಲಿ ಮೂರನೆಯ ಒಂದು ಪಾಲನ್ನು ಗಾಲಿಗೆ ತಲುಪಿಸಿದರೆ ಅದೇ ದೊಡ್ಡದು. ಎಂದರೆ ದಾರಿಯ ಉದ್ದದ ಖರ್ಚನ್ನು ಬಿಟ್ಟು, ಬರೀ ಎತ್ತರಕ್ಕಾಗಿಯೇ ಎರಡೂವರೆ ಲೀಟರ್ ಹೋಗುತ್ತದೆ. ಇದು ಕಳ್ಳತನವಲ್ಲ, ಕಾಯಿಲೆಯೂ ಅಲ್ಲ. ಬೆಟ್ಟಕ್ಕೆ ನಾವು ತೆರುವ ಸುಂಕ. ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಮ್ಮ ಊರಿನ ಘಟ್ಟಕ್ಕೆ ಅನ್ವಯಿಸಿ ನೋಡಬಹುದು.

ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಡೀಸೆಲ್ ಉಳಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗಾಲಿಗಳೇ ಎಂಜಿನನ್ನು ತಿರುಗಿಸುತ್ತವೆ. ಆಗ ಡೀಸೆಲ್ ಪಂಪಿನ ಗವರ್ನರ್ ಇಂಧನವನ್ನು ಬಹುತೇಕ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ತನ್ನನ್ನು ತಾನು ನಡೆಸಿಕೊಳ್ಳಲು ಡೀಸೆಲ್ ಉರಿಸಲೇಬೇಕು. ಮೇಲಾಗಿ ಎಂಜಿನಿನ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ತಿರುವಿನಲ್ಲಿ ಕಾದು ಸೋತ ಬ್ರೇಕ್ ಏನು ಮಾಡೀತೆಂಬುದನ್ನು ವಿವರಿಸಬೇಕಿಲ್ಲ.

ಅಳತೆಯ ಬಳಿಕವೂ ಮೈಲೇಜು ಕಡಿಮೆಯೆಂದು ಸಿದ್ಧವಾದರೆ, ಪರೀಕ್ಷೆಯನ್ನು ಖರ್ಚಿಲ್ಲದ ಕಡೆಯಿಂದ ಆರಂಭಿಸಬೇಕು. ರಾತ್ರಿ ಗಾಡಿ ನಿಲ್ಲಿಸಿದಾಗ ಅಡಿಯಲ್ಲಿ ಹಳೆಯ ರಟ್ಟು ಹಾಸಿದರೆ ಡೀಸೆಲ್ ಸೋರಿಕೆ ಬೆಳಿಗ್ಗೆ ಕಾಣುತ್ತದೆ. ಎಂಜಿನ್ ಆಯಿಲ್ ಇಳಿಯುವ ಬದಲು ಏರುತ್ತಿದ್ದರೆ, ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ, ಸೋರಿಕೆ ಒಳಗೇ ಇದೆಯೆಂದು ತಿಳಿದು ತಡಮಾಡದೆ ಗ್ಯಾರೇಜಿಗೆ ಒಯ್ಯಬೇಕು. ಟಯರುಗಳ ಗಾಳಿಯನ್ನು ಬೆಳಿಗ್ಗೆ, ಓಡಿಸುವ ಮೊದಲೇ ನೋಡಬೇಕು. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಪ್ರತಿ ಗಾಲಿಯ ಹಬ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಉಳಿದ ಗಾಲಿಗಳು ಸುಮ್ಮನಿದ್ದು ಒಂದರ ಮೇಲೆ ಮಾತ್ರ ನೀರು ಚುಂಯ್‌ಗುಟ್ಟಿದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಕೆಟ್ಟಿದೆ. ಏರಿನಲ್ಲಿ ಎಂಜಿನಿನ ಸದ್ದು ಮಾತ್ರ ಏರಿ ಗಾಡಿ ಮುಂದೆ ಸಾಗದಿದ್ದರೆ ಕ್ಲಚ್ ಜಾರುತ್ತಿದೆ.

ಆಮೇಲೆ ಗಾಳಿ ಮತ್ತು ಹೊಗೆ. ಬೇಸಿಗೆಯಲ್ಲಿ ನಮ್ಮ ಮಣ್ಣುರಸ್ತೆಗಳ ಧೂಳು ಏರ್ ಫಿಲ್ಟರನ್ನು ಎಷ್ಟು ಬೇಗ ಕಟ್ಟಿಸುತ್ತದೆಂಬುದು ಕಂಪನಿಯ ಪುಸ್ತಕ ಬರೆದವರಿಗೆ ತಿಳಿದಿರಲಾರದು. ಅಲ್ಲಿ ಹೇಳಿದ ಅವಧಿಯನ್ನು ಕಾಯದೆ ಅದನ್ನು ತೆರೆದು ನೋಡಬೇಕು. ಆದರೆ ಫಿಲ್ಟರನ್ನೇ ತೆಗೆದು ಓಡಿಸುವುದು ಎಂಜಿನಿಗೆ ಮರಳು ತಿನ್ನಿಸಿದಂತೆ. ಕರಿಹೊಗೆಯೆಂದರೆ ಗಾಳಿ ಸಾಲದೆಯೋ ಡೀಸೆಲ್ ಹೆಚ್ಚಾಗಿಯೋ ಅರೆಬೆಂದ ಇಂಧನ. ನೀಲಿಹೊಗೆ ಉರಿಯುತ್ತಿರುವ ಎಂಜಿನ್ ಆಯಿಲ್. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿಹೊಗೆ, ಉರಿಯದೆ ಹೊರಬರುವ ಡೀಸೆಲ್ಲನ್ನೋ ಒಳಗೆ ಸೋರುವ ನೀರನ್ನೋ ಸೂಚಿಸುತ್ತದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಮಲೆನಾಡಿನ ಮಳೆ ಚಳಿಗಳಲ್ಲಿ ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ತಣ್ಣನೆಯ ಎಂಜಿನ್ ಹೆಚ್ಚು ಡೀಸೆಲ್ ಬೇಡುತ್ತದೆ.

ಇಷ್ಟೆಲ್ಲ ನೋಡಿದ ಮೇಲಷ್ಟೇ ನಾಝಲ್ ಮತ್ತು ಡೀಸೆಲ್ ಪಂಪಿನ ಸರದಿ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂಬ ಹೆಸರು ತಳೆದ ಮೈಕೋ ಕಂಪನಿ ಇವೆರಡನ್ನೂ ನಮ್ಮ ನಾಡಿನಲ್ಲೇ ತಯಾರಿಸಿತು. ಹಳೆಯ ಮೆಕ್ಯಾನಿಕರ ಬಾಯಲ್ಲಿ ಇಂದಿಗೂ ಅದು ಮೈಕೋ ಪಂಪೇ. ನಾಝಲ್ ಸಣ್ಣ ಮಂಜಿನಂತೆ ಸಿಂಪಡಿಸುತ್ತದೆಯೋ ಹನಿಹನಿಯಾಗಿ ತೊಟ್ಟಿಕ್ಕುತ್ತದೆಯೋ ಎಂಬುದನ್ನು ಪರೀಕ್ಷಾ ಯಂತ್ರಕ್ಕೆ ಹಾಕಿಯೇ ನೋಡಬೇಕು. ಎಳೆತ ಹೆಚ್ಚಲೆಂದು ಪಂಪಿನ ಸೀಲ್ ಒಡೆದು ತಿರುಪು ತಿರುಗಿಸುವ ಅಭ್ಯಾಸ ನಮ್ಮಲ್ಲಿದೆ. ಆಗ ಹೆಚ್ಚುವ ಡೀಸೆಲ್‌ಗೆ ತಕ್ಕಷ್ಟು ಗಾಳಿ ಇಲ್ಲದಿದ್ದರೆ ಅದು ಮಸಿಯಾಗಿ ಹೋಗುತ್ತದೆ. ಆ ಮಸಿ ಬೀಳುವುದು ರಸ್ತೆಬದಿಯ ಶಾಲೆಗೆ ನಡೆದುಹೋಗುವ ಮಕ್ಕಳ ಎದೆಗೂಡಿಗೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಘೋಷಿಸಿದೆ.

"ನಮ್ಮ ಗಾಡಿಗೆ ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ" ಎನ್ನುವವರಿದ್ದಾರೆ. ಆ ಪರೀಕ್ಷೆ ನಡೆಯುವುದು ನಿಂತ ಗಾಡಿಯ ಆಕ್ಸಿಲರೇಟರ್ ಒತ್ತಿ. ಹೇರು ಹೊತ್ತು ಎರಡನೆಯ ಗೇರಿನಲ್ಲಿ ಘಟ್ಟ ಏರುವ ಎಂಜಿನಿನ ಸ್ಥಿತಿಯನ್ನು ಅದು ತಿಳಿಸಲಾರದು. ಹಿಡಿದುಕೊಂಡ ಬ್ರೇಕನ್ನಂತೂ ತೋರಿಸುವುದೇ ಇಲ್ಲ. ಸರ್ಟಿಫಿಕೇಟ್ ಕಾನೂನಿಗೆ ಬೇಕು, ಸರಿ. ನಮ್ಮ ಆತ್ಮಸಾಕ್ಷಿಗೆ ಅಷ್ಟು ಸಾಲದು.

ನಷ್ಟದ ಗಾತ್ರವನ್ನೂ ನೋಡೋಣ. ವರ್ಷಕ್ಕೆ 15,000 ಕಿ.ಮೀ. ಓಡುವ ಲಾರಿಗೆ ಲೀಟರಿಗೆ 8ರಂತೆ 1,875 ಲೀಟರ್ ಸಾಕು. 6ರಂತಾದರೆ 2,500 ಲೀಟರ್ ಬೇಕು. ವ್ಯತ್ಯಾಸ 625 ಲೀಟರ್. ಲೀಟರಿಗೆ 90 ರೂಪಾಯಿಯೆಂದು ಹಿಡಿದರೂ ಅದು 56,250 ರೂಪಾಯಿ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಒಂದೇ ಲಾರಿಯ ದುಂದಿನಿಂದ ವರ್ಷಕ್ಕೆ ಒಂದೂವರೆ ಟನ್ನಿಗೂ ಮಿಕ್ಕಿದ ಅನಿಲ ವಾತಾವರಣ ಸೇರುತ್ತದೆ. ವನಮಹೋತ್ಸವದಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡ ನಾವು ಈ ಲೆಕ್ಕದ ಮುಂದೆಯೂ ನಿಲ್ಲಬೇಕಲ್ಲವೆ?

ಪರಿಸರವಾದಿಗಳಾದ ಕೆಲವು ಮಿತ್ರರು ಹಳೆಯ ಲಾರಿಗಳನ್ನೆಲ್ಲ ಗುಜರಿಗೆ ಹಾಕಿ ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. 2020ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಬಿ.ಎಸ್.-6 ಮಾನಕದ ಗಾಡಿಗಳಷ್ಟು ಕಡಿಮೆ ಮಸಿ ಉಗುಳುವುದು ಹಳೆಯ ಎಂಜಿನಿಗೆ, ಎಷ್ಟೇ ದುರಸ್ತಿ ಮಾಡಿದರೂ, ಸಾಧ್ಯವಿಲ್ಲ. ಆದರೆ ಹೊಸ ಲಾರಿಯ ಸಾಲ ಹೊರಲಾಗದ ಸಣ್ಣ ಹಿಡುವಳಿದಾರರೇ ನಮ್ಮಲ್ಲಿ ಹೆಚ್ಚು. ಹೊಸ ಲಾರಿಯ ಉಕ್ಕಿಗೂ ಎಲ್ಲೋ ಒಂದು ಬೆಟ್ಟ ಕರಗಿರುತ್ತದೆ. ಆದ್ದರಿಂದ ನನ್ನ ನಿಲುವು ಇದು: ಮೊದಲು ಅಳೆಯೋಣ, ಕಾರಣ ಹುಡುಕೋಣ, ಸರಿಪಡಿಸೋಣ. ಆಮೇಲೂ ಎಂಜಿನ್ ಸವೆದು ಆಯಿಲ್ ಉರಿಸುತ್ತಿದ್ದರೆ ಮೋಹವಿಲ್ಲದೆ ಅದಕ್ಕೆ ವಿದಾಯ ಹೇಳೋಣ. ಯಾವುದಕ್ಕೂ ಮೊದಲು, ಒಂದು ಪಯಣದಲ್ಲಿ ಆಗುವುದನ್ನು ಎರಡು ಪಯಣ ಮಾಡದಿರೋಣ.

ನಮ್ಮ ಲಾರಿ ಈಗ ಲೀಟರಿಗೆ ಏಳೂವರೆ ಓಡುತ್ತಿದೆ. ಕ್ಷಮೆ ಕೇಳಲೆಂದು ನಾವು ನಾಲ್ವರು ಹಳೆಯ ಚಾಲಕನ ಮನೆಗೆ ಹೋದೆವು. ಆತ ಕೂರಿಸಿ ಚಹಾ ಕೊಟ್ಟ. "ಹಿಂದಿನ ಗಾಲಿ ಕಾಯುತ್ತದೆ ಎಂದು ಎರಡು ಸಲ ಹೇಳಿದ್ದೆನಲ್ಲ, ನೀವು ಕೊಯ್ಲು ಮುಗಿಯಲಿ ಎಂದಿರಿ" ಎಂದಷ್ಟೇ ಹೇಳಿದ. ಹೌದು, ಹೇಳಿದ್ದ. ನಾವು ಬರೆದಿಟ್ಟುಕೊಂಡಿರಲಿಲ್ಲ. ಆತ ಮತ್ತೆ ನಮ್ಮ ಲಾರಿಗೆ ಬರಲಿಲ್ಲ. ಬಾ ಎನ್ನುವ ಮುಖವೂ ನಮಗಿರಲಿಲ್ಲ.

ಈಗ ಲಾರಿಯ ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಪುಸ್ತಕ ಇದೆ. ಲೀಟರ್, ಕಿಲೋಮೀಟರ್, ಹೇರು, ದಾರಿ ಎಂಬ ನಾಲ್ಕು ಅಂಕಣಗಳ ಜೊತೆಗೆ ಐದನೆಯದೊಂದಿದೆ: "ಚಾಲಕ ಹೇಳಿದ್ದು". ಪ್ರತಿ ತಿಂಗಳ ಸಭೆಯಲ್ಲಿ ಮೊದಲು ಓದುವುದು ಅದನ್ನೇ. ಊರಿನಲ್ಲಿ ಲಾರಿ ಇರುವ ಎಲ್ಲ ಗೆಳೆಯರೂ ಈ ಮಳೆಗಾಲ ಕಳೆಯುವುದರೊಳಗೆ ಇಂಥದೊಂದು ಪುಸ್ತಕ ತೆರೆಯಲಿ ಎಂಬುದು ನನ್ನ ವಿನಂತಿ.