ಹರಳಿನ ತಪ್ಪೇನು?

"ಕಾಲಕ್ಕೆ ತಕ್ಕಂತೆ ಯಂತ್ರ ಬದಲಾಗುತ್ತದೆ, ಹಳೆಯ ಕೆಲಸ ಹೋಗುತ್ತದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ." ಕಳೆದ ವರ್ಷ ಆಗಸ್ಟ್ 23ರ ಬಾಹ್ಯಾಕಾಶ ದಿನದಂದು ನಮ್ಮ ಶಾಲೆಗೆ ಬಂದ ಅತಿಥಿಯೊಬ್ಬರು ಹೀಗೆಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ.

ನಾನಿರುವುದು ತುಮಕೂರಿನಲ್ಲಿ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಕೈಗಡಿಯಾರದ ತಯಾರಿಕೆ ಮುಂದೆ ನಮ್ಮೂರಿಗೂ ಬಂತು. ನಮ್ಮ ಬೀದಿಯ ಅಕ್ಕನೊಬ್ಬರು ಎಸ್ಸೆಸ್ಸೆಲ್ಸಿ ಮುಗಿಸಿ ಜೋಡಣೆ ಕೆಲಸಕ್ಕೆ ಸೇರಿದರು. ಕಣ್ಣಿಗೆ ಮಸೂರ, ಕೈಯಲ್ಲಿ ಚಿಮುಟ, ಸಾಸಿವೆಗಿಂತ ಸಣ್ಣ ತಿರುಪು. ಆ ಸಂಬಳದಲ್ಲೇ ತಮ್ಮಂದಿರನ್ನು ಓದಿಸಿದರು. ಗಂಡನ ಮುಂದೆ ಕೈಯೊಡ್ಡದೆ ಅವರು ಸೀರೆ ಕೊಳ್ಳುತ್ತಿದ್ದುದನ್ನು ನನ್ನಮ್ಮ ಬೆರಗಿನಿಂದ ಹೇಳುತ್ತಿದ್ದಳು.

ಆಮೇಲೆ ಕ್ವಾರ್ಟ್ಜ್ ಬಂತು. ಕೀಲಿ ಕೊಡುವ ಗೋಜಿಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳೇ ಕಾಲ ಅಳೆಯುತ್ತದೆ. ಒಳ್ಳೆಯದೇ. ಆದರೆ ಅದೇ ಕ್ವಾರ್ಟ್ಜನ್ನು ನೆಚ್ಚಿ 1980ರ ದಶಕದಲ್ಲಿ ಹೊಸೂರಿನಲ್ಲಿ ಟೈಟನ್ ಕಾರ್ಖಾನೆ ಎದ್ದಿತಲ್ಲ? ಅಲ್ಲಿ ಯುವತಿಯರಿಗೂ ಕೆಲಸ ಸಿಕ್ಕಿತಲ್ಲ? ಹಾಗಾದರೆ ಹರಳಿನ ತಪ್ಪೇನು? ಯಾವುದಕ್ಕೆ ಹಣ ಹಾಕಬೇಕು, ಯಾರಿಗೆ ಹೊಸ ಕೆಲಸ ಕಲಿಸಬೇಕು ಎಂದು ತೀರ್ಮಾನಿಸುವುದು ಯಂತ್ರವಲ್ಲ, ಮೇಜಿನ ಸುತ್ತ ಕುಳಿತ ಮನುಷ್ಯರು. ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವೂ 2016ರಲ್ಲಿ ಕೇಂದ್ರ ಸಂಪುಟದಿಂದಲೇ ಬಂತು.

ನಮ್ಮೂರಿನ ಆ ಕಾರ್ಖಾನೆಯ ಜಾಗ ಈಗ ಇಸ್ರೋ ಪಾಲಾಗಿದೆ. ಸಂತೋಷ. 2023ರಲ್ಲಿ ಚಂದ್ರಯಾನ-3 ಇಳಿದ ಸಂಜೆ ಟಿ.ವಿ. ಮುಂದೆ ನಾನೂ ಕಣ್ಣೊರೆಸಿಕೊಂಡವಳೇ. ಆದರೂ ಕೇಳದೆ ಇರಲಾರೆ. ಅಕ್ಕನಿಗೆ ಎಸ್ಸೆಸ್ಸೆಲ್ಸಿ ಸಾಕಾಗಿತ್ತು. ರಾಕೆಟ್ಟಿನ ಕೆಲಸಕ್ಕೆ ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್ ಬೇಕು. ನಮ್ಮ ಹುಡುಗಿಯರನ್ನು ಅಲ್ಲಿಯವರೆಗೆ ಓದಿಸುವವರು ಯಾರು? "ಐಟಿಐ ಏನಿದ್ದರೂ ಗಂಡುಹುಡುಗರಿಗೆ ಟೀಚರ್" ಎನ್ನುವ ತಾಯಂದಿರೇ, ನಾನು ಜಗಳಕ್ಕೆ ನಿಂತಿರುವುದು ನಿಮ್ಮ ಜೊತೆಗೂ. (ಹೆಣ್ಣಿಗೆ ಬಿ.ಎ. ಸಾಕು ಎಂದ ಮನೆಯಿಂದಲೇ ನಾನೂ ಬಂದದ್ದು.)

ಅಂದು ದಾರಿಯುದ್ದಕ್ಕೂ ಆ ಅತಿಥಿಯನ್ನು ಬೈದುಕೊಂಡೇ ಮನೆಗೆ ಬಂದೆ. ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಯಿತು, ಕಾರ್ಯಕ್ರಮದ ಕೆಲಸ ಹಂಚಿದವಳು ನಾನೇ. ಹುಡುಗರಿಗೆ ರಾಕೆಟ್ಟಿನ ಮಾದರಿ, ತಂತಿ, ಬ್ಯಾಟರಿ ಕೊಟ್ಟಿದ್ದೆ. ಹುಡುಗಿಯರಿಗೆ ಅಂಗಳದಲ್ಲಿ ರಾಕೆಟ್ಟಿನ ರಂಗೋಲಿ.